ಬೇಲಿಯ ಆಯಸ್ಸು ನೆಲದ ಗೆರೆಯಲ್ಲಿದೆ

ದಕ್ಷಿಣ ಬೆಂಗಳೂರಿನಲ್ಲಿ ಹಿತ್ತಲು ಎಲ್ಲ ಕಡೆಯೂ ಒಂದೇ ಅಳತೆಯದಲ್ಲ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಹಳೆಯ 40–60ರ ನಿವೇಶನಗಳಲ್ಲಿ ತೆಂಗು, ನುಗ್ಗೆ, ಕರಿಬೇವು, ಬಟ್ಟೆ ಒಗೆಯುವ ಕಲ್ಲು ಇವೆಲ್ಲಕ್ಕೂ ಮನೆಯ ಹಿಂದೆ ಎಡೆಯಿತ್ತು. ಕೆಲವು ಮನೆಗಳಲ್ಲಿ ಈಗಲೂ ಇದೆ. ಬಿಟಿಎಂ ಲೇಔಟ್‌ನ 30–40ರಲ್ಲಿ ಅದೇ ಹಿತ್ತಲು ಗ್ಯಾಸ್ ಸಿಲಿಂಡರು ಇಡುವ ಓಣಿಯಾಗಿದೆ. ಜಾಗ ಹೆಚ್ಚಿರಲಿ ಕಡಿಮೆಯಿರಲಿ, ಹಿಂದಿನ ಗಡಿಗೆ ಸಿಮೆಂಟ್ ಗೋಡೆ ಬೇಡ, ಮರದ ಬೇಲಿ ಇರಲಿ ಎಂದು ಮನಸ್ಸು ಮಾಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಮರ ಹಾಕಿಸಿದರೆ ಬಾಳಿಕೆ ಬರುತ್ತದೆ? ಉತ್ತರವೂ ಬಾಯಿಪಾಠ. ದುಡ್ಡಿದ್ದರೆ ತೇಗ, ಇಲ್ಲದಿದ್ದರೆ ಯಾವುದಾದರೂ ಕಾಡುಮರ, ಅದೂ ಆಗದಿದ್ದರೆ ಪೈನ್. ಈ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಬೇಲಿಯ ಮಟ್ಟಿಗೆ ಸಾಲದು. ಬಾಗಿಲು, ಕಿಟಕಿ, ಮಂಚಕ್ಕೆ ಮರ ಆರಿಸುವಾಗ ಜಾತಿಯ ಹೆಸರು ಸಾಕಾಗಬಹುದು, ಅವು ಸೂರಿನಡಿ ಇರುತ್ತವೆ. ಬೇಲಿ ಬಯಲಲ್ಲಿ ನಿಲ್ಲುತ್ತದೆ, ಅದರ ಕಾಲು ಮಣ್ಣಿನಲ್ಲಿರುತ್ತದೆ. ಅಲ್ಲಿ ಮರದ ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಆ ಮರ ಕಾಂಡದ ಯಾವ ಭಾಗದ್ದು, ಮತ್ತು ಅದು ಮಣ್ಣಿನಿಂದ ಎಷ್ಟು ದೂರವಿದೆ. ನಮ್ಮ ಊರಿನ ಹವೆ, ಮಣ್ಣು, ಗೆದ್ದಲು ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಬೇಲಿಯ ಕಂಬವನ್ನು ಮರದಲ್ಲಿ ಮಾಡಲೇಬಾರದು; ಕಂಬ ಕಲ್ಲಿನದಾದರೆ ಮೇಲಿನ ಹಲಗೆ ತೇಗದ್ದೇ ಆಗಬೇಕೆಂಬ ಹಠವೂ ಬೇಕಿಲ್ಲ ಎನ್ನುವುದು ನನ್ನ ವಾದ.

ಲೆಕ್ಕ ಹಾಕಿ ನೋಡಬಹುದು. 40–60ರ ನಿವೇಶನದ ಹಿಂಬದಿ ಗಡಿ 40 ಅಡಿ. ಎಂಟೆಂಟು ಅಡಿಗೆ ಒಂದರಂತೆ ಆರು ಕಂಬ. ಒಂದೊಂದೂ ನಾಲ್ಕಿಂಚು ಚೌಕ, ಏಳಡಿ ಉದ್ದ. ಅದರಲ್ಲಿ ಎರಡಡಿ ಗುಂಡಿಯೊಳಗೆ. ಆರು ಕಂಬಕ್ಕೆ ಸುಮಾರು 4.7 ಘನ ಅಡಿ ಮರ ಬೇಕು. ಕಂಬದಿಂದ ಕಂಬಕ್ಕೆ ಮೇಲೊಂದು ಕೆಳಗೊಂದು ಅಡ್ಡಪಟ್ಟಿ, ಮೂರಿಂಚು ಅಗಲ, ಎರಡಿಂಚು ದಪ್ಪ, ಅದಕ್ಕೆ 3.3 ಘನ ಅಡಿ. ಆ ಪಟ್ಟಿಗಳ ಮೇಲೆ ನಾಲ್ಕಿಂಚು ಅಗಲ, ಮುಕ್ಕಾಲಿಂಚು ದಪ್ಪ, ಐದಡಿ ಉದ್ದದ ಹಲಗೆಗಳನ್ನು ಒಂದಿಂಚು ಸಂದು ಬಿಟ್ಟು ಹೊಡೆದರೆ 96 ಹಲಗೆ, ಅಂದರೆ 10 ಘನ ಅಡಿ. ಎಲ್ಲ ಸೇರಿ 18 ಘನ ಅಡಿ. ಇದರಲ್ಲಿ ಮಣ್ಣಿನೊಳಗೆ ಹೂತಿರುವುದು 1.3 ಘನ ಅಡಿ ಮಾತ್ರ, ನೂರಕ್ಕೆ ಏಳೂವರೆಗಿಂತ ಕಡಿಮೆ. ಉಳಿದದ್ದೆಲ್ಲ ಗಾಳಿಯಲ್ಲಿ ನೆನೆಯುತ್ತದೆ, ಒಣಗುತ್ತದೆ, ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುತ್ತದೆ, ಆದರೂ ನಿಂತಿರುತ್ತದೆ. ಬೇಲಿ ಬೀಳುವುದು ಆ ಏಳು ಪಾಲಿನಿಂದ. ಒಂದು ಕಂಬದ ಬುಡ ಲಡ್ಡಾದರೆ ಅದರ ಎರಡೂ ಪಕ್ಕದ ಹದಿನಾರು ಅಡಿ ಬೇಲಿ ವಾಲುತ್ತದೆ; ಎರಡು ಕಂಬ ಹೋದರೆ ಗಟ್ಟಿಯಾಗಿಯೇ ಇರುವ ಹಲಗೆಗಳನ್ನೂ ಬಿಚ್ಚಿ ಹೊಸದಾಗಿ ಕಟ್ಟಿಸಬೇಕು. ಹದಿನೆಂಟೂ ಘನ ಅಡಿಗೆ ತೇಗದ ಬೆಲೆ ಕೊಟ್ಟವರು ಈ ಏಳು ಪಾಲನ್ನು ಕಾಪಾಡದಿದ್ದರೆ ಆ ದುಡ್ಡು ಬಹುಪಾಲು ವ್ಯರ್ಥ.

ಬುಡವೇ ಏಕೆ ಮೊದಲು ಹೋಗುತ್ತದೆ? ಮರವನ್ನು ಕೊಳೆಸುವುದು ಬರೀ ನೀರಲ್ಲ, ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಮರದ ತೇವಾಂಶ ಶೇಕಡ 20ರ ಒಳಗಿದ್ದರೆ ಅದು ಬೆಳೆಯಲಾರದು. ಹಾಗೆಯೇ ಪೂರ್ತಿ ನೀರಿನಲ್ಲಿ ಮುಳುಗಿದ ಮರವೂ ಬಹಳ ಕಾಲ ಉಳಿಯುತ್ತದೆ, ಅಲ್ಲಿ ಗಾಳಿಯಿಲ್ಲ. ನೆಲದ ಮಟ್ಟದಿಂದ ಕೆಳಗಿನ ಆರೇಳು ಇಂಚಿನಲ್ಲಿ ಮಾತ್ರ ಎರಡೂ ಸದಾ ಸಿಗುತ್ತವೆ. ಹಳೆಯ ಕಂಬವನ್ನು ಕಿತ್ತು ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ: ತುದಿ ಗಟ್ಟಿ, ಆಳದಲ್ಲಿ ಹೂತ ತಳವೂ ಒಂದು ಮಟ್ಟಿಗೆ ಗಟ್ಟಿ, ನೆಲದ ಗೆರೆಯ ಹತ್ತಿರ ಮಾತ್ರ ಸುತ್ತಳತೆ ಸೊರಗಿ, ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುವಷ್ಟು ಮೆತ್ತಗೆ. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸಾವಿರ ಮಿಲಿಮೀಟರಿಗೆ ತುಸು ಕಡಿಮೆ. ಮಲೆನಾಡಿಗೆ ಹೋಲಿಸಿದರೆ ಇದೇನೂ ಅಲ್ಲ. ಆದರೆ ನಮ್ಮ ಮಳೆ ಏಪ್ರಿಲ್–ಮೇ ತಿಂಗಳ ಗುಡುಗಿನಿಂದ ಶುರುವಾಗಿ, ಸೆಪ್ಟೆಂಬರಿನಲ್ಲಿ ಜೋರಾಗಿ, ನವೆಂಬರಿನವರೆಗೂ ಬಿಟ್ಟು ಬಿಟ್ಟು ಬರುತ್ತದೆ. ಮಣ್ಣು ಪೂರ್ತಿ ಒಣಗುವ ಹೊತ್ತಿಗೆ ಇನ್ನೊಂದು ಮಳೆ. ಜನವರಿಯಿಂದ ಮಾರ್ಚಿನ ತನಕದ ಒಣ ಹವೆಯಲ್ಲಿ ಮರ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲೇ ಮುಂದಿನ ಮಳೆಯ ನೀರು ಇಳಿಯುತ್ತದೆ. ಮಳೆ ಇಲ್ಲದ ದಿನವೂ ಹಿತ್ತಲ ಗಿಡಗಳಿಗೆ ಪೈಪಿನಲ್ಲಿ ನೀರು ಹಾಯಿಸುವವರು ನಾವೇ. ಇದಲ್ಲದೆ ಕೆಂಪು ಮಣ್ಣಿನಲ್ಲಿ ಹುತ್ತ ಕಟ್ಟುವ ಗೆದ್ದಲು ಇದೆ. ಮನೆ ಕಟ್ಟುವಾಗ ಪಾಯಕ್ಕೆ ಔಷಧಿ ಹೊಡೆಸುತ್ತಾರೆ, ಹಿತ್ತಲ ಗಡಿಗೆ ಯಾರೂ ಹೊಡೆಸುವುದಿಲ್ಲ. ಶಿಲೀಂಧ್ರ ಮೆತ್ತಗೆ ಮಾಡಿಟ್ಟ ಬುಡ ಗೆದ್ದಲಿಗೆ ಸಿದ್ಧ ಊಟ.

ಈ ಕಾರಣಕ್ಕೇ ಮರದ ಬಾಳಿಕೆಯನ್ನು ಅಳೆಯುವ ವಿಜ್ಞಾನಿಗಳು ಅದನ್ನು ಮಣ್ಣಿನಲ್ಲೇ ಪರೀಕ್ಷಿಸುತ್ತಾರೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ, ನಮ್ಮ ಮಲ್ಲೇಶ್ವರದಲ್ಲೇ ಇರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ (ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಪ್ರಯೋಗಾಲಯವಾಗಿ ಹುಟ್ಟಿದ್ದು) ಇಂಥ ಕಡೆ ಬೇರೆ ಬೇರೆ ಜಾತಿಯ ಮರದ ಗೂಟಗಳನ್ನು ಬಯಲಿನಲ್ಲಿ ಅರ್ಧ ಹೂತು, ಕಾಲಕಾಲಕ್ಕೆ ಕಿತ್ತು ನೋಡಿ, ಯಾವುದು ಎಷ್ಟು ತಿಂಗಳು ಉಳಿಯಿತು ಎಂದು ಬರೆದಿಡುತ್ತಾರೆ. ಸಾಲುಸಾಲಾಗಿ ಗೂಟ ನೆಟ್ಟ ಆ ಬಯಲು ಕಾಣುವ ರೀತಿಗೆ ತಕ್ಕಂತೆ ಇದಕ್ಕೆ ಸ್ಮಶಾನ ಪರೀಕ್ಷೆ ಎಂದೇ ಹೆಸರು. ಭಾರತೀಯ ಮಾನಕಗಳು ಇದರ ಆಧಾರದ ಮೇಲೆ ಮರಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿವೆ. ಸರಾಸರಿ 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಉಳಿದರೆ ಮೊದಲ ದರ್ಜೆ, 60ರಿಂದ 120 ತಿಂಗಳಾದರೆ ಎರಡನೆಯದು, 60 ತಿಂಗಳಿಗಿಂತ ಕಡಿಮೆಯಾದರೆ ಮೂರನೆಯದು. ಈ ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ಮೊದಲ ದರ್ಜೆಯ ಮರ ಎನಿಸಿಕೊಳ್ಳಲು ಮಣ್ಣಿನಲ್ಲಿ ಹತ್ತು ವರ್ಷ ಬಾಳಿದರೆ ಸಾಕು. ಮೂರನೆಯ ದರ್ಜೆಯದು ಐದು ವರ್ಷದ ಒಳಗೇ ಮುಗಿಯುತ್ತದೆ. ಗೂಟ ಸಣ್ಣದು, ಕಂಬ ದಪ್ಪ, ಆದ್ದರಿಂದ ಕಂಬ ಇನ್ನೂ ಕೆಲವು ವರ್ಷ ಹೆಚ್ಚು ತಾಳುತ್ತದೆ ಎನ್ನುವುದು ನಿಜ. ಆದರೂ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ತೇಗದ ಕಂಬ ಹೂಳುವವರು ಯಾವ ಪರೀಕ್ಷೆಯ ಬಲದಿಂದಲೂ ಆ ಮಾತು ಹೇಳಲಾರರು.

ಇನ್ನು ತೇಗದ ವಿಚಾರ. ತೇಗ ಒಳ್ಳೆಯ ಮರ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯದು ಅದರ ಚೇಗು, ಅಂದರೆ ಕಾಂಡದ ಒಳಗಿನ ಬಲಿತ, ಕಂದು ಹೊನ್ನಿನ ಬಣ್ಣದ ಭಾಗ. ಗೆದ್ದಲಿಗೂ ಶಿಲೀಂಧ್ರಕ್ಕೂ ಒಗ್ಗದ ರಾಸಾಯನಿಕಗಳು ಅಲ್ಲಿ ಸೇರಿಕೊಂಡಿರುತ್ತವೆ. ಚೇಗಿನ ಸುತ್ತ ಇರುವ ಬಿಳಿಭಾಗ ಮರ ಬದುಕಿದ್ದಾಗ ನೀರು ಸಾಗಿಸುತ್ತಿದ್ದ ಪದರ. ಅಲ್ಲಿ ಆ ರಕ್ಷಣೆ ಇಲ್ಲ, ಬದಲಿಗೆ ಹುಳುಗಳಿಗೆ ಬೇಕಾದ ಪಿಷ್ಟವಿದೆ. ತೇಗದ ಬಿಳಿಭಾಗ ಬಾಳಿಕೆಯಲ್ಲಿ ಅಗ್ಗದ ಪೆಟ್ಟಿಗೆ ಮರಕ್ಕಿಂತ ಹೆಚ್ಚೇನಲ್ಲ. ಹಳೆಯ ಕಾಡಿನ ತೇಗದಲ್ಲಿ ಬಿಳಿಭಾಗ ತೆಳ್ಳಗಿನ ಅಂಚು ಮಾತ್ರ. ಎಳೆಯ ನೆಡುತೋಪಿನ ಸಣ್ಣ ದಿಮ್ಮಿಯಲ್ಲಿ ಅದೇ ದೊಡ್ಡ ಪಾಲು. ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು 2014ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ನಮ್ಮ ಕಾಡಿನಲ್ಲಿ ಕಡಿಯುವುದು 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಬಿಗಿಯಾಗಿದೆ. ಹಾಗಾಗಿ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಇರಲಿ, ಬೇರೆಡೆಯ ಸಾಮಿಲ್ಲು ಇರಲಿ, ಇವತ್ತು ತೇಗ ಎಂದು ಸಿಗುವುದರಲ್ಲಿ ಘಾನಾ, ತಾಂಜಾನಿಯಾ, ಈಕ್ವೆಡಾರ್, ಕೋಸ್ಟರಿಕದ ನೆಡುತೋಪುಗಳಿಂದ ಹಡಗಿನಲ್ಲಿ ಬಂದದ್ದು ಸಾಕಷ್ಟಿದೆ. ಅದು ಕಳಪೆ ಎಂದು ಹೇಳುತ್ತಿಲ್ಲ. ಅದರ ನಾಲ್ಕಿಂಚು ಚೌಕದ ಕಂಬದಲ್ಲಿ ಒಂದು ಮೂಲೆಯೋ ಎರಡು ಮೂಲೆಯೋ ಬಿಳಿಭಾಗ ಇರುವ ಸಂಭವ ಹೆಚ್ಚು. ಪಾಲಿಶ್ ಹಾಕಿದ ಮೇಲೆ ಅದು ಕಾಣುವುದಿಲ್ಲ. ಬರ್ಮಾ ತೇಗ ಎಂಬ ಹೆಸರಿಗೆ ಬೆಲೆ ಕೊಟ್ಟು, ಮಣ್ಣಿನೊಳಗೆ ಆ ಬಿಳಿ ಮೂಲೆಯನ್ನೇ ಹೂತರೆ ಗೆದ್ದಲಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಹೆಸರು ನಂಬಿ ಮೋಸ ಹೋಗುವುದು ತೇಗದಲ್ಲಿ ಮಾತ್ರವಲ್ಲ. ಬಾಗಿಲ ಚೌಕಟ್ಟಿಗೆ ಬೆಂಗಳೂರಿನಲ್ಲಿ ಧಾರಾಳವಾಗಿ ಬಳಸುವ ಮಲೇಷಿಯನ್ ಸಾಲ್ ನಮ್ಮ ಉತ್ತರ ಭಾರತದ ಸಾಲವೃಕ್ಷವಲ್ಲ. ಹಲವು ಜಾತಿಯ ಆಮದು ಮರಗಳಿಗೆ ಅಂಟಿಸಿದ ವ್ಯಾಪಾರದ ಹೆಸರು. ಕಾಡುಮರ ಎನ್ನುವುದಂತೂ ಜಾತಿಯೇ ಅಲ್ಲ. ಕಾರ್ಖಾನೆಗಳಿಗೆ ಯಂತ್ರ ಹೊತ್ತು ಬಂದ ಪೈನ್ ಪೆಟ್ಟಿಗೆ, ಪ್ಯಾಲೆಟ್‌ಗಳ ಹಲಗೆಯಿಂದ ಬೇಲಿ ಮಾಡಿಸುವುದು ಈಗಿನ ಫ್ಯಾಷನ್. ಆ ಹಲಗೆಯ ಮೇಲೆ ಎಚ್‌ಟಿ ಎಂಬ ಮುದ್ರೆ ಇರುತ್ತದೆ. ಟ್ರೀಟ್ ಮಾಡಿದ ಮರ ಎಂದು ಅದನ್ನೇ ತೋರಿಸಿ ಮಾರುವವರಿದ್ದಾರೆ. ಅದರ ಅರ್ಥ ಬೇರೆ. ದೇಶದಿಂದ ದೇಶಕ್ಕೆ ಕೀಟ ಸಾಗದಿರಲಿ ಎಂದು ಮರದ ನಡುಭಾಗವನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದಾರೆ ಎನ್ನುವುದಕ್ಕೆ ಆ ಮುದ್ರೆ. ಆ ದಿನ ಒಳಗಿದ್ದ ಹುಳು ಸತ್ತಿತು ಅಷ್ಟೇ. ನಾಳೆ ನಿಮ್ಮ ಹಿತ್ತಲ ಗೆದ್ದಲು ಬರುವುದಕ್ಕೆ ಅದರಿಂದ ಯಾವ ತಡೆಯೂ ಇಲ್ಲ. ಸೆಂಟ್ರಿಂಗ್ ಕೆಲಸ ಮುಗಿದ ಮೇಲೆ ಅಗ್ಗಕ್ಕೆ ಸಿಗುವ ಸರ್ವೆ ಕಂಬಗಳು, ಕಾಫಿ ತೋಟದ ಸಿಲ್ವರ್ ಓಕ್, ನೀಲಗಿರಿಯ ಎಳೆಯ ಗಳುಗಳು, ರಸ್ತೆಬದಿಯಲ್ಲಿ ಮಳೆಗೆ ಬಿದ್ದ ಗುಲ್‌ಮೊಹರ್ ಇವೆಲ್ಲ ಹಾಗೆಯೇ ಹೂತರೆ ಬೇಗ ಹೋಗುವ ಸಾಲಿನವು. ಬಿದಿರಂತೂ ಏನೂ ಉಪಚಾರ ಮಾಡದೆ ಮಣ್ಣಿಗೆ ತಾಕಿಸಿದರೆ ಒಂದರಿಂದ ಮೂರು ವರ್ಷ. ಮೇದಾರರು ಹೆಣೆದ ಬಿದಿರು ತಡಿಕೆ ಚೆಂದ, ಅಗ್ಗ, ಬದಲಿಸುವುದೂ ಸುಲಭ. ಅದನ್ನು ಬದಲಿಸುವ ವಸ್ತು ಎಂದು ತಿಳಿದೇ ತಂದರೆ ಯಾವ ತಕರಾರೂ ಇಲ್ಲ.

ಇದಕ್ಕೆ ಪರಿಹಾರವನ್ನು ಹೊರಗಿನಿಂದ ತರಬೇಕಿಲ್ಲ. ಮಲೆನಾಡಿನ ತೋಟ, ಗದ್ದೆಗಳ ದಾರಿಯಲ್ಲಿ ಉಣುಗೋಲು ಎಂಬ ವ್ಯವಸ್ಥೆ ಇತ್ತು, ಅಲ್ಲಲ್ಲಿ ಈಗಲೂ ಇದೆ. ಎರಡು ಕಂಬ, ಅವುಗಳಲ್ಲಿ ಸಾಲಾಗಿ ತೂತು, ಆ ತೂತುಗಳಲ್ಲಿ ಅಡ್ಡಲಾಗಿ ಸರಿಸುವ ಗಳುಗಳು. ದನ ಒಳಗೆ ಬರಬಾರದು, ಮನುಷ್ಯ ಗಳು ಸರಿಸಿ ದಾಟಬೇಕು. ಅನುಕೂಲವಿದ್ದವರು ಕಂಬವನ್ನು ಕಲ್ಲಿನಲ್ಲೇ ಮಾಡಿಸುತ್ತಿದ್ದರು. ವರ್ಷವೆಲ್ಲ ತೇವ ಆರದ ಆ ಸೀಮೆಯಲ್ಲಿ ಮಣ್ಣಿಗೆ ಇಳಿಯುವುದು ಕಲ್ಲು, ಗಾಳಿಯಲ್ಲಿರುವುದು ಮರ ಎಂಬ ವಿಭಜನೆ ಸುಮ್ಮನೆ ಬಂದದ್ದಲ್ಲ. ಗಳು ಹಾಳಾದರೆ ಆ ಒಂದನ್ನೇ ಎಳೆದು ಇನ್ನೊಂದನ್ನು ತೂರಿಸಿದರಾಯಿತು, ಕಂಬ ಕದಲಿಸಬೇಕಿಲ್ಲ. ಬಯಲುಸೀಮೆಯ ನಮ್ಮ ಕಡೆಯೂ ಇದೇ ತಿಳಿವಳಿಕೆ ಬೇರೆ ರೂಪದಲ್ಲಿದೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳ ಚಪ್ಪರ ಕಲ್ಲುಕಂಬದ ಮೇಲೆ ನಿಂತಿದೆ, ಹೊಲಗಳ ತಂತಿಬೇಲಿ ಕಲ್ಲುಕೂಚದ ಮೇಲೆ ನಿಂತಿದೆ. ಹಳೆಯ ಬೆಂಗಳೂರಿನಲ್ಲಿ ಚಪ್ಪಡಿ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿಯೇ ಕಾಂಪೌಂಡು ಮಾಡುತ್ತಿದ್ದರು. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ; ಅದೇ ಕುಲದ ಕಲ್ಲು ಕಾಲಡಿಯಲ್ಲೇ ಇರುವ ಊರಿನಲ್ಲಿ ಕೂತು ಆಫ್ರಿಕಾದಿಂದ ಬಂದ ಮರವನ್ನು ಮಣ್ಣಿನಲ್ಲಿ ಹೂಳುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಕಲ್ಲುಕೂಚದಲ್ಲಿ ಎರಡು ತೂತು ಕೊರೆಸಿ, ಬೋಲ್ಟು ಹಾಕಿ ಅಡ್ಡಪಟ್ಟಿ ಬಿಗಿದರೆ ಮರದ ಕೆಳತುದಿ ನೆಲದಿಂದ ಎರಡು ಮೂರು ಇಂಚು ಮೇಲೇ ಉಳಿಯುತ್ತದೆ. ಜಾಗ ಇಕ್ಕಟ್ಟಾಗಿರುವ ಕಡೆ ಕಾಂಕ್ರೀಟ್ ಪೀಠದ ಮೇಲೆ ಜಿಐ ಕೊಳವೆ ನಿಲ್ಲಿಸಿದರೂ ಆದೀತು.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಮೊದಲನೆಯದು ನೋಟದ್ದು. ಮರದ ಬೇಲಿ ಬೇಕೆಂದವರಿಗೆ ಹೊಲದ ಕಲ್ಲುಕೂಚ ತೋರಿಸಿದರೆ ಮುಖ ಸಿಂಡರಿಸುತ್ತಾರೆ. ಆದರೆ ಹಲಗೆಗಳು ಮನೆಯ ಕಡೆಗೆ ಮುಖ ಮಾಡಿ, ಕಂಬದ ಮುಂದಿನಿಂದ ಹಾಯ್ದು ಹೋದರೆ ಕಲ್ಲು ಕಾಣುವುದೇ ಇಲ್ಲ. ಕಂಡರೂ ಉಳಿ ಹೊಡೆದ ಬೂದು ಕಲ್ಲಿನ ಪಕ್ಕದಲ್ಲಿ ಮರದ ಬಣ್ಣ ಇನ್ನಷ್ಟು ಎದ್ದು ಕಾಣುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಇದರಲ್ಲಿ ಒಬ್ಬೊಬ್ಬರ ರುಚಿ ಒಂದೊಂದು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಬೆಂಗಳೂರಿನ ಸುತ್ತಲಿನ ಗುಡ್ಡಗಳನ್ನು ಕಲ್ಲುಕ್ವಾರಿಗಳು ಈಗಾಗಲೇ ಬಗೆದಿವೆ, ಮರ ಮತ್ತೆ ಬೆಳೆಯುತ್ತದೆ, ಬೆಟ್ಟ ಬೆಳೆಯುವುದಿಲ್ಲ. ಇದು ಸರಿಯಾದ ಮಾತು. ಆದರೆ ಇಲ್ಲಿ ಬೇಕಿರುವುದು ಆರು ಕಂಬ. ಒಂದು ಸಲ ನಿಲ್ಲಿಸಿದರೆ ಮತ್ತೆ ತರುವ ಪ್ರಶ್ನೆಯಿಲ್ಲ. ಅದೇ ಗಡಿಗೆ ಗೋಡೆ ಕಟ್ಟಿಸಿದರೆ ಪಾಯಕ್ಕೇ ಅದಕ್ಕಿಂತ ಹೆಚ್ಚು ಸೈಜುಗಲ್ಲು, ಜಲ್ಲಿ, ಎಂ ಸ್ಯಾಂಡ್ ಬೇಕಾಗುತ್ತದೆ, ಅವೂ ಅದೇ ಕ್ವಾರಿಯಿಂದಲೇ ಬರುವುದು. ಹೊಸ ಕಲ್ಲೇ ಬೇಕೆಂದೂ ಇಲ್ಲ. ಊರಿನ ಅಂಚಿನ ಹೊಲ, ತೋಟಗಳು ಲೇಔಟುಗಳಾಗುತ್ತಿರುವಾಗ ಹಳೆಯ ಕೂಚಗಳನ್ನು ಕಿತ್ತು ಮೂಲೆಗೆ ಹಾಕುತ್ತಾರೆ, ಕೇಳಿದರೆ ಸಿಗುತ್ತವೆ.

ಮೂರನೆಯ ಆಕ್ಷೇಪ ರಾಸಾಯನಿಕದ ಪರವಾಗಿ ಬರುತ್ತದೆ: ಔಷಧಿ ಕುಡಿಸಿದ ಮರ ಇರುವಾಗ ಇಷ್ಟೆಲ್ಲ ಏಕೆ? ಇದಕ್ಕೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸಬೇಕು, ಏಕೆಂದರೆ ಇದರಲ್ಲಿ ನಮ್ಮ ದೇಶದವರ ಪಾಲೇ ದೊಡ್ಡದು. ಜಗತ್ತಿನಾದ್ಯಂತ ದಶಕಗಳ ಕಾಲ ವಿದ್ಯುತ್ ಕಂಬ, ಬೇಲಿ, ಅಂಗಳದ ಜಗಲಿಗಳನ್ನು ಕಾಪಾಡಿದ ತಾಮ್ರ–ಕ್ರೋಮಿಯಂ–ಆರ್ಸೆನಿಕ್ ಮಿಶ್ರಣವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್. ಒತ್ತಡದ ಉರುಳೆಯಲ್ಲಿ ಮರವನ್ನಿಟ್ಟು, ಒಳಗಿನ ಗಾಳಿಯನ್ನು ಎಳೆದು, ದ್ರಾವಣವನ್ನು ಒತ್ತಿ ತುಂಬಿಸುವ ಈ ವಿಧಾನದಿಂದ ಮೂರನೆಯ ದರ್ಜೆಯ ಮರವೂ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯಬಲ್ಲದು. ಇಲ್ಲಿ ಒಂದು ಸ್ವಾರಸ್ಯವಿದೆ: ದ್ರಾವಣ ಸಲೀಸಾಗಿ ಇಳಿಯುವುದು ಬಿಳಿಭಾಗಕ್ಕೆ, ಚೇಗಿನೊಳಗೆ ಅದು ಹೋಗುವುದೇ ಕಷ್ಟ. ತೇಗಕ್ಕೆ ಔಷಧಿ ಕುಡಿಸಿದೆವು ಎನ್ನುವ ಮಾತಿಗಿಂತ ಸಾಧಾರಣ ನೆಡುತೋಪಿನ ಮರಕ್ಕೆ ಕುಡಿಸಿದೆವು ಎನ್ನುವ ಮಾತಿಗೇ ಹೆಚ್ಚು ಅರ್ಥವಿದೆ. ಆದರೆ ಆರ್ಸೆನಿಕ್ ವಿಷ. ಅಮೆರಿಕದಲ್ಲಿ ತಯಾರಕರು 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದನ್ನು ಬಿಟ್ಟರು. ನಮ್ಮ ಹಿತ್ತಲಿನಲ್ಲಿ ಬೇಲಿಯ ಬುಡದಲ್ಲೇ ಕರಿಬೇವು, ದೊಡ್ಡಪತ್ರೆ, ಒಂದೆಲಗ ಇರುತ್ತವೆ, ಕಿತ್ತು ಅಡುಗೆಗೆ ಹಾಕುತ್ತೇವೆ. ಉಳಿದ ತುಂಡು ಮರ ನೀರೊಲೆಗೋ ಚಳಿಕಾಲದ ವಾಚ್‌ಮನ್ ಬೆಂಕಿಗೋ ಹೋಗುತ್ತದೆ. ಆರ್ಸೆನಿಕ್ ಕುಡಿದ ಮರದ ಹೊಗೆ, ಬೂದಿ ಎರಡೂ ಅಪಾಯ. ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಇದಕ್ಕಿಂತ ಬಹಳ ಸೌಮ್ಯ, ಹುಳುವಿಗೂ ಶಿಲೀಂಧ್ರಕ್ಕೂ ಆಗುತ್ತದೆ. ಅದರ ತೊಂದರೆಯೆಂದರೆ ತೇವದ ಮಣ್ಣಿನಲ್ಲಿ ಕರಗಿ ಹೊರಹೋಗುತ್ತದೆ. ಮಣ್ಣಿಗೆ ತಾಕದ, ಮೇಲೆ ಎಣ್ಣೆಯ ಲೇಪವಿರುವ ಹಲಗೆಗೆ ಅದು ಸರಿ. ಹೂಳುವ ಕಂಬಕ್ಕೆ ಅಲ್ಲ. ಹಾಗಾಗಿ ರಾಸಾಯನಿಕದ ದಾರಿ ಹಿಡಿದರೂ ಕಂಬವನ್ನು ಮಣ್ಣಿನಿಂದ ಮೇಲೆತ್ತಿದರೆ ಸೌಮ್ಯವಾದದ್ದು ಸಾಕು, ಹೂತರೆ ಉಗ್ರವಾದದ್ದು ಬೇಕು.

ಮನೆಮದ್ದುಗಳ ಮಾತನ್ನು ಬೇಗ ಮುಗಿಸಬಹುದು. ಬುಡ ಸುಟ್ಟು ಕರಿ ಮಾಡಿ ಹೂಳುವುದು ಹಳೆಯ ಪದ್ಧತಿ. ಸುಟ್ಟ ಪದರ ತೆಳ್ಳಗಿನದು, ಅದು ಬಿರಿದ ಕಡೆ ಒಳಗಿನ ಹಸಿ ಮರ ತೆರೆದೇ ಇರುತ್ತದೆ. ಡಾಂಬರು ಬಳಿಯುವುದೂ ಹಾಗೆಯೇ, ಮರ ಪೂರ್ತಿ ಒಣಗದೆ ಬಳಿದರೆ ತೇವವನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಬಳಿಯುವವರು ಮಣ್ಣನ್ನು ಕೆಡಿಸುತ್ತಾರೆ. ಕರಾವಳಿಯಲ್ಲಿ ದೋಣಿಗೆ ಬಳಸುವ ಗೇರುಬೀಜದ ಸಿಪ್ಪೆಯ ಎಣ್ಣೆಗೆ ನಿಜವಾದ ಗುಣವಿದೆ, ಆದರೆ ದೋಣಿಗೆ ಅದನ್ನು ಮತ್ತೆ ಮತ್ತೆ ಬಳಿಯುತ್ತಾರೆ. ಹೂತ ಕಂಬಕ್ಕೆ ಎರಡನೆಯ ಸಲ ಬಳಿಯುವವರು ಯಾರು? ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಕಂಬದ ಸುತ್ತ ಕಾಂಕ್ರೀಟ್ ತುಂಬಿಸುವುದು. ಮರ ಒಣಗಿ ಕುಗ್ಗಿದಾಗ ಕಾಂಕ್ರೀಟಿಗೂ ಅದಕ್ಕೂ ನಡುವೆ ಕೂದಲೆಳೆಯ ಸಂದು ಬೀಳುತ್ತದೆ, ನೀರು ಅಲ್ಲಿ ಇಳಿದು ಲೋಟದಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಗಟ್ಟಿಯಾಗಲೆಂದು ಹಾಕಿದ ಕಾಂಕ್ರೀಟೇ ಕಂಬವನ್ನು ಬೇಗ ಕೊಳೆಸುತ್ತದೆ.

ಹಾಗಾದರೆ ಮರವೇ ಏಕೆ, ಹಾಲೋಬ್ಲಾಕ್ ಗೋಡೆ ಕಟ್ಟಿಸಿ ಕೈತೊಳೆದುಕೊಳ್ಳಬಾರದೇ ಎನ್ನುವವರಿದ್ದಾರೆ. ಕಳ್ಳಕಾಕರ ಭಯವೇ ಮುಖ್ಯವಾದರೆ ಅವರ ಮಾತು ಸರಿ, ಮರದ ಬೇಲಿ ಯಾರನ್ನೂ ತಡೆಯುವುದಿಲ್ಲ. ಆದರೆ ಮೂರಡಿ ಓಣಿಯ ಹಿತ್ತಲಿಗೆ ಐದಡಿ ಗೋಡೆ ಎಂದರೆ ಗಾಳಿ ನಿಂತಿತು, ಬೆಳಕು ಅರ್ಧವಾಯಿತು, ಮಳೆನೀರು ಹರಿದುಹೋಗಲು ದಾರಿ ಇಲ್ಲವಾಯಿತು. ಒಂದಿಂಚು ಸಂದಿನ ಬೇಲಿ ಮೂರಕ್ಕೂ ಎಡೆ ಕೊಡುತ್ತದೆ. ಗೋಡೆಯ ಪಾಯ ತೋಡುವಾಗ ಪಕ್ಕದ ತೆಂಗು, ಮಾವಿನ ಬೇರು ಕಡಿಯಬೇಕಾಗುತ್ತದೆ, ಆರು ಗುಂಡಿಗೆ ಆ ತಾಪತ್ರಯ ಕಡಿಮೆ. ಪ್ಲಾಸ್ಟಿಕ್ ಬೆರೆಸಿದ ಕೃತಕ ಹಲಗೆಗಳನ್ನು ಗೆದ್ದಲು ಸುಲಭಕ್ಕೆ ಮುಟ್ಟದು ಎನ್ನುವುದು ನಿಜ. ಅವು ಬಿಸಿಲಿಗೆ ಹಿಗ್ಗುತ್ತವೆ, ಆಧಾರ ದೂರವಾದರೆ ಜೋಲುತ್ತವೆ, ಮುರಿದರೆ ಬಡಗಿ ರಿಪೇರಿ ಮಾಡಲಾರ, ಕೊನೆಗೆ ಕಸದ ರಾಶಿಗೆ ಸೇರುತ್ತವೆ. ಮರದ ಒಂದು ಹಲಗೆ ಹೋದರೆ ಒಂದನ್ನೇ ಬದಲಿಸಬಹುದು.

ಕಂಬದ ಚಿಂತೆ ಕಳೆದ ಮೇಲೆ ಹಲಗೆಯ ಆಯ್ಕೆ ಎಷ್ಟು ಸಲೀಸಾಗುತ್ತದೆ ನೋಡಿ. ಮಣ್ಣಿಗೆ ತಾಕದ, ಮಳೆಗೆ ನೆನೆದು ಮತ್ತೆ ಒಣಗುವ ಹಲಗೆಗೆ ಹಲಸಿನ ಚೇಗು, ಬೇವಿನ ಚೇಗು, ಕರಿಜಾಲಿ, ಮತ್ತಿ, ಹೊನ್ನೆ ಇವುಗಳಲ್ಲಿ ಯಾವುದಾದರೂ ಸಾಕು. ಗಾಡಿಯ ಗಾಲಿಗೂ ನೇಗಿಲಿಗೂ ನಮ್ಮ ರೈತರು ಜಾಲಿಯನ್ನು ಆರಿಸಿದ್ದು ಸುಮ್ಮನೆ ಅಲ್ಲ. ಕಮರದಂಥ ಅತಿ ಭಾರದ ಮರ ಸಿಕ್ಕಿದರೆ ಬಾಳಿಕೆಗೆ ಅದನ್ನು ಮೀರಿದ್ದಿಲ್ಲ, ಆದರೆ ಮೊಳೆ ಇಳಿಯದೆ ಬಡಗಿ ಬೈದುಕೊಳ್ಳುತ್ತಾನೆ. ತೂತು ಕೊರೆದೇ ಸ್ಕ್ರೂ ಹಾಕಬೇಕು. ಇವೆಲ್ಲಕ್ಕಿಂತ ಒಳ್ಳೆಯ ಮೂಲ ಇನ್ನೊಂದಿದೆ, ಅದು ನಮ್ಮ ಪಕ್ಕದ ಬೀದಿಯಲ್ಲೇ ಇದೆ. ಚಾಮರಾಜಪೇಟೆ, ಬಸವನಗುಡಿಯ ಮದ್ರಾಸ್ ತಾರಸಿ ಮನೆಗಳನ್ನು, ಜಯನಗರದ ಮೊದಮೊದಲ ಒಂಟಿ ಮನೆಗಳನ್ನು ಕೆಡವಿ ಸ್ಟಿಲ್ಟ್ ಮೇಲೆ ನಾಲ್ಕಂತಸ್ತು ಎಬ್ಬಿಸುತ್ತಿದ್ದಾರೆ. ಆ ಮನೆಗಳ ತೊಲೆ, ಜಂತೆ, ಕಿಟಕಿ ಚೌಕಟ್ಟು ಹಳೇ ಮರದ ಅಂಗಡಿಗಳಿಗೆ ಹೋಗುತ್ತವೆ. ಹಳೆಯ ಕಾಡಿನ ದಪ್ಪ ದಿಮ್ಮಿಗಳಿಂದ ಕೊಯ್ದ, ಬಹುಪಾಲು ಚೇಗೇ ಇರುವ ಮರ ಅದು. ಕುಗ್ಗುವುದು, ತಿರುಚುವುದು ಎಲ್ಲ ಯಾವತ್ತೋ ಮುಗಿದಿದೆ. ಒಂದು ಮೂಲೆ ಹುಳು ತಿಂದಿದ್ದರೆ ಕಣ್ಣಿಗೇ ಕಾಣುತ್ತದೆ, ಕೊಯ್ದು ತೆಗೆಯಬಹುದು. ಹಳೆಯ ಮೊಳೆ ಸಿಕ್ಕಿ ಗರಗಸದ ಹಲ್ಲು ಹಾರುತ್ತದೆಂದು ಸಾಮಿಲ್ಲಿನವರು ಗೊಣಗುತ್ತಾರೆ, ಮೊದಲೇ ಮೊಳೆ ಕೀಳಿಸಿ ಒಯ್ಯಬೇಕು. ಇಂಥ ಮರ ಎಲ್ಲರಿಗೂ ಸಾಲುವಷ್ಟು ಎಲ್ಲಿದೆ ಎಂದು ಕೇಳಿದರೆ, ಇಲ್ಲ ಎಂದೇ ಉತ್ತರ. ಆದರೆ ಹಿತ್ತಲಿಗೆ ಮರದ ಬೇಲಿ ಹಾಕಿಸುವವರೂ ಊರಿನ ತುಂಬ ಇಲ್ಲ.

ಕಲ್ಲುಕಂಬ ಗೆದ್ದಲನ್ನು ಪೂರ್ತಿ ತಡೆಯುತ್ತದೆ ಎಂದೇನೂ ತಿಳಿಯಬೇಡಿ. ಕಲ್ಲಿನ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಅದು ಹತ್ತಬಲ್ಲದು. ವ್ಯತ್ಯಾಸವೆಂದರೆ ಹೂತ ಮರದಲ್ಲಿ ಅದು ಒಳಗೊಳಗೇ ಕೆಲಸ ಮುಗಿಸುತ್ತದೆ, ಕಲ್ಲಿನ ಮೇಲೆ ಬೂದು ಹಿನ್ನೆಲೆಯಲ್ಲಿ ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ. ತಿಂಗಳಿಗೊಮ್ಮೆ ಪೊರಕೆ ಆಡಿಸಿದರೆ ಸಾಕು. ಬೇಲಿಗೆ ಒತ್ತಿ ಹೂಕುಂಡ ಇಡಬಾರದು, ತರಗೆಲೆ ರಾಶಿ ಹಾಕಬಾರದು, ಗೊಬ್ಬರದ ಮಣ್ಣು ಏರಿಸಿ ಏರಿಸಿ ಹಲಗೆಯ ಬುಡಕ್ಕೆ ತಾಕಿಸಬಾರದು. ಮಾಡಿದರೆ ಎರಡಿಂಚಿನ ಆ ಅಂತರ ಇದ್ದೂ ಇಲ್ಲದಂತೆ. ಹಲಗೆಯ ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಿದರೆ ನೀರು ನಿಲ್ಲುವುದಿಲ್ಲ. ಮಾಮೂಲು ಕಬ್ಬಿಣದ ಮೊಳೆ ತೇಗ, ಹೊನ್ನೆಯಂಥ ಮರದಲ್ಲಿ ಕಪ್ಪು ಕಣ್ಣೀರಿನ ಗೆರೆ ಎಳೆದು ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಬೇಕು. ವಾರ್ನಿಷ್ ನಮ್ಮ ಬಿಸಿಲಿಗೆ ಹಪ್ಪಳದಂತೆ ಏಳುವುದರಿಂದ ಎಣ್ಣೆಯೇ ಮೇಲು. ಏನೂ ಹಚ್ಚದೆ ಬಿಟ್ಟರೂ ಬಣ್ಣ ಬೂದಾಗುತ್ತದೆ, ಹಲಗೆ ಸಾಯುವುದಿಲ್ಲ.

ಮರದಂಗಡಿಗೆ ಹೋಗುವವರಿಗೆ ಹೇಳುವುದು ಇಷ್ಟು. ಮೊದಲು ಆರು ಕಲ್ಲುಕಂಬದ ದುಡ್ಡು ಬೇರೆ ಎತ್ತಿಡಿ, ಉಳಿದ ದುಡ್ಡನ್ನು ಕೈಯಲ್ಲಿ ಹಿಡಿದು ಮರ ಕೇಳಿ. ಪಾಲಿಶ್ ಹಾಕಿದ ಮುಖ ನೋಡಬೇಡಿ, ಗರಗಸ ಕೊಯ್ದ ತುದಿ ನೋಡಿ. ಅಲ್ಲಿ ನೀರು ಚಿಮುಕಿಸಿದರೆ ಚೇಗು, ಬಿಳಿಭಾಗದ ಗಡಿ ಬಿಡಿಸಿ ಕಾಣುತ್ತದೆ. ಬಿಳಿ ಇರುವ ತುಂಡನ್ನು ಪಕ್ಕಕ್ಕೆ ಇಡಿಸಿ, ಚೇಗು ಮಾತ್ರ ಎಂದು ಬಿಲ್ಲಿನಲ್ಲಿ ಬರೆಸಿ. ಬರೆಯಲು ಒಪ್ಪದ ಅಂಗಡಿಯಲ್ಲಿ ಬರ್ಮಾ ತೇಗವೂ ಬೇಡ.